ಬೀಗಗಾರನ ಮಗ ಓಮ್

ಕೊಲ್ಹಾರಕ್ಕೆ ಸಮೀಪದ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲ ಸ್ಥಾವರವಿರುವುದು. ಅಲ್ಲಿಂದ ಹೊರಡುವ ತಂತಿಗಳ ಲೆಕ್ಕಕ್ಕೆ ಮೂಲಪುರುಷನು ಜರ್ಮನಿಯ ಬಡ ಉಪಾಧ್ಯಾಯನೊಬ್ಬನೆಂಬುದನ್ನು ಬಲ್ಲವರು ವಿರಳ.

ಗೇಯೋರ್ಗ್ ಸೈಮನ್ ಓಮನು 1789ರಲ್ಲಿ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದನು. ತಂದೆಯು ಬೀಗ ಮಾಡುವವನಾದರೂ ಸ್ವಯಂ ಕಲಿತು ಮಕ್ಕಳಿಗೆ ಗಣಿತವನ್ನು ಬೋಧಿಸಿದನು. ಕೊಲೋನಿನ ಶಾಲೆಯಲ್ಲಿ ಪಾಠ ಹೇಳುತ್ತಲೇ ಓಮನು ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ಪ್ರವಾಹವನ್ನು ಅಳೆಯತೊಡಗಿದನು. ಅಂದಿನ ಬ್ಯಾಟರಿಗಳ ಬಲವು ಅಳೆಯುತ್ತಿರುವಾಗಲೇ ಕುಗ್ಗುತ್ತಿದ್ದುದರಿಂದ 1825ರ ಮೊದಲ ಸೂತ್ರವು ತಪ್ಪಿತು. ಅವನು ಎದೆಗುಂದಲಿಲ್ಲ. ಬಿಸ್ಮತ್ ತಾಮ್ರಗಳ ಬೆಸುಗೆಗಳಲ್ಲೊಂದನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಹಿಮದಲ್ಲಿಯೂ ಇಟ್ಟು ಸ್ಥಿರವಾದ ಬಲವನ್ನು ಪಡೆದನು. 1827ರಲ್ಲಿ ಗ್ರಂಥವು ಹೊರಬಂದಿತು. ಅದರ ಸಾರವನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಪ್ರತಿರೋಧವು ದೊರೆಯುವುದು. 220 ವೋಲ್ಟಿನ ಒಲೆಯು 5 ಆಂಪಿಯರ್ ಎಳೆದರೆ ಅದರ ಪ್ರತಿರೋಧವು 44 ಓಮ್. ಅವೆರಡನ್ನೂ ಗುಣಿಸಿದರೆ ಶಕ್ತಿಯು 1,100 ವ್ಯಾಟ್.

ಸ್ವದೇಶದ ಪಂಡಿತರು ಮೂಗು ಮುರಿದರು. ಓಮನು ಕೆಲಸವನ್ನು ತ್ಯಜಿಸಿ ಕೆಲವು ವರ್ಷ ಕಷ್ಟಪಟ್ಟನು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲೆ ಪದಕವನ್ನಿತ್ತಿತು. ಪರರು ಹೊಗಳಿದ ಮೇಲೆ ತಮ್ಮವನ ಬೆಲೆಯನ್ನರಿಯುವ ರೋಗವು ನಮ್ಮಲ್ಲಿಯೂ ಉಂಟಷ್ಟೆ! ಬಹುಕಾಲ ಬಯಸಿದ್ದ ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಪದವಿಯು 1852ರಲ್ಲಿ ಲಭಿಸಿತು. ಎರಡೇ ವರ್ಷಗಳಲ್ಲಿ, 1854ರ ಜುಲೈ 6ರಂದು, ಓಮನು ತೀರಿಕೊಂಡನು.