ಗೆಜ್ಜೆ ಕಟ್ಟಿದ ರೇಖೆ

ಚಿತ್ರಕಲೆಯನ್ನು ಕುರಿತು ಬರೆಯುವಷ್ಟು ಪಾಂಡಿತ್ಯ ನನಗಿಲ್ಲ. ಬಿ.ಎ. ಅಂತಿಮ ತರಗತಿಯಲ್ಲಿ ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಆದರೂ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಜೀವನವನ್ನು ಕುರಿತು ನಮ್ಮ ವಾರ್ಷಿಕ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂಬ ಆಸೆ ಎರಡು ವರ್ಷದಿಂದ ಇದೆ. ಅದರ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆ ಇರುವುದು ಕೃಷ್ಣರಾಜಪುರದ ಆಚೆ. ತಂದೆಯವರದು ಗಾರೆ ಕೆಲಸ. ಆ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವ ವಾಡಿಕೆ ಉಂಟು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ ಕಲಿಸುತ್ತಾರೆ. ಪಾತ್ರ ಬೇಕೆನ್ನುವವರು ಪಾತ್ರಕ್ಕೆ ತಕ್ಕಂತೆ ತಾವೇ ಹಣ ಕಟ್ಟಬೇಕು. ಬಾಡಿಗೆಯ ಸೀನರಿ, ಬಾಡಿಗೆಯ ಕಿರೀಟ. ಆದರೆ ಹಾಡು ಮಾತ್ರ ಸ್ವಂತದ್ದು. ನಮ್ಮ ತಂದೆಯವರದು ಕರ್ಣನ ಪಾತ್ರ. ನಾನು ಹಾರ್ಮೋನಿಯಂ ಪಕ್ಕದಲ್ಲಿ ಕುಳಿತು ನಾಟಕದ ಕರಪತ್ರದ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಅವರನ್ನು ಗೀಚುತ್ತಿದ್ದೆ. ನಾನು ಕಾಲೇಜು ಸೇರಿದ ವರ್ಷ ಅವರು ಪಾತ್ರ ತೆಗೆದುಕೊಳ್ಳಲಿಲ್ಲ. ಕಾರಣವನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಮ್ಮ ವಂಶದಲ್ಲಿ ಪದವಿಯವರೆಗೆ ಬಂದವನು ನಾನೇ ಮೊದಲಿಗ. ಹೀಗಿರುವಾಗ ಈ ಗೀಚುವ ಚಟವನ್ನು ಇಟ್ಟುಕೊಳ್ಳುವುದು ನ್ಯಾಯವೇ ಎಂಬ ಯೋಚನೆ ಹತ್ತಿತು. ಆ ದಿನಗಳಲ್ಲೇ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಹೆಬ್ಬಾರರ ರೇಖಾಚಿತ್ರಗಳು ನನ್ನ ಕಣ್ಣಿಗೆ ಬಿದ್ದುವು. ಕೊಳ್ಳಲು ಹಣವಿರಲಿಲ್ಲ. ನಿಂತೇ ನೋಡಿದೆ.

ಹೆಬ್ಬಾರರು ಹುಟ್ಟಿದ್ದು 1911ರ ಜೂನ್ 15ರಂದು, ಉಡುಪಿಯ ಬಳಿಯ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ. ಅನುಕೂಲವಂತರ ಮನೆಯಲ್ಲ. ತಂದೆ ಚೌತಿಗೆ ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದರು. ಹೀಗೆ ಜೇಡಿಮಣ್ಣೂ ಬಣ್ಣವೂ ಹುಡುಗನ ಕೈಗೆ ಮನೆಯಲ್ಲೇ ಸಿಕ್ಕುವು. ರವಿವರ್ಮನ ಅಚ್ಚಿನ ಪಟಗಳನ್ನು ನೋಡಿ ನಕಲು ಮಾಡುವುದು ಅಂದಿನ ಎಳೆಯ ಚಿತ್ರಕಾರರೆಲ್ಲರ ಪಾಠಶಾಲೆ. ಹೆಬ್ಬಾರರೂ ಅಲ್ಲಿಂದಲೇ ಹೊರಟವರು.

ಆದರೆ ಅವರ ನಿಜವಾದ ಪಾಠಶಾಲೆ ಯಕ್ಷಗಾನದ ಬಯಲೆಂದು ನನ್ನ ಅಭಿಪ್ರಾಯ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ. ಚೆಂಡೆಯ ಸದ್ದು ದೂರದ ಊರುಗಳಿಗೂ ಕೇಳಿಸಿ ಜನರನ್ನು ಕರೆಯುತ್ತದೆ. ದೀವಟಿಗೆಯ ಬೆಳಕಿನಲ್ಲಿ ಕೇದಗೆ ಮುಂದಲೆ, ಮುಂಡಾಸು, ಮುಖವರ್ಣ. ಪಶ್ಚಿಮ ದೇಶಗಳಲ್ಲಿ ಆಪೆರಾ ಎಂಬ ಸಂಗೀತ ನಾಟಕ ಉಂಟಷ್ಟೆ. ಅದಕ್ಕೆ ನಮ್ಮಲ್ಲಿ ಸಮೀಪವಾದದ್ದು ಯಕ್ಷಗಾನವೆಂದು ಹೇಳುವುದುಂಟು. ಒಂದು ಭೇದ ಮಾತ್ರ ಇದೆ. ಆಪೆರಾದಲ್ಲಿ, ನಮ್ಮ ಕಡೆಯ ಕುರುಕ್ಷೇತ್ರದಲ್ಲಿ ಸಹ, ಪಾತ್ರಧಾರಿಯೇ ಹಾಡುತ್ತಾನೆ. ಯಕ್ಷಗಾನದಲ್ಲಿ ಹಾಡುವವರು ಹಿಂದೆ ಕುಳಿತ ಭಾಗವತರು. ವೇಷಧಾರಿ ಆ ಹಾಡನ್ನು ಮೈಯಿಂದ ತೋರಿಸುತ್ತಾನೆ, ಬಳಿಕ ಮಾತಿನಿಂದ ಬಿಡಿಸುತ್ತಾನೆ. ಎಂದರೆ ಸ್ವರ ಒಂದು ಕಡೆ, ಆಕಾರ ಇನ್ನೊಂದು ಕಡೆ. ಇದನ್ನು ಎಳೆತನದಿಂದ ನೋಡಿದ ಕಣ್ಣು ಹಾಡಿಗೊಂದು ಆಕಾರ ಉಂಟೆಂದು ಕಲಿಯದೆ ಇರುತ್ತದೆಯೆ?

ಮುಂದಿನ ದಾರಿ ಮುಂಬಯಿಯದು. ಅಲ್ಲಿನ ಸರ್ ಜೆ.ಜೆ. ಕಲಾಶಾಲೆಯಲ್ಲಿ ಓದಿ 1938ರಲ್ಲಿ ಡಿಪ್ಲೊಮಾ ಪಡೆದರು. ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರಾಗಿದ್ದು 1945ರಲ್ಲಿ ಆ ಉದ್ಯೋಗವನ್ನು ಬಿಟ್ಟರು. ಈ ವಾಕ್ಯವನ್ನು ಬರೆಯುವಾಗ ನನ್ನ ಲೇಖನಿ ಸ್ವಲ್ಪ ನಿಂತಿತು. ತಿಂಗಳ ಸಂಬಳದ ಕೆಲಸವನ್ನು ಬಿಡುವುದೆಂದರೆ ನಮ್ಮಂಥವರ ಮನೆಯಲ್ಲಿ ಅದೊಂದು ಅಪಘಾತವೇ ಸರಿ. ಅಮೃತಾ ಶೇರ್‌ಗಿಲ್ಲರ ಚಿತ್ರಗಳು ಅವರ ಮೇಲೆ ಗಾಢವಾದ ಪರಿಣಾಮ ಬೀರಿದ್ದುವು. ಶಾಲೆಯಲ್ಲಿ ಕಲಿತ ವಿಲಾಯಿತಿ ಪದ್ಧತಿಯಿಂದ ತೃಪ್ತಿಯಾಗದೆ ಅವರು ನಮ್ಮ ಹಳೆಯ ಭಿತ್ತಿಚಿತ್ರಗಳ ಕಡೆಗೂ ಹಳ್ಳಿಯ ಬದುಕಿನ ಕಡೆಗೂ ತಿರುಗಿದರು.

1949–50ರಲ್ಲಿ ಅವರು ಪ್ಯಾರಿಸ್ ನಗರದ ಅಕಾದೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರು. ಪ್ಯಾರಿಸ್ ಎಂದೊಡನೆ ದೆಗಾ ಎಂಬ ಚಿತ್ರಕಾರನ ಹೆಸರನ್ನು ಹೇಳಬೇಕು. 1834ರಿಂದ 1917ರವರೆಗೆ ಬದುಕಿದ್ದ ಈತ ಆ ನಗರದ ಆಪೆರಾ ರಂಗಶಾಲೆಯ ನರ್ತಕಿಯರನ್ನೂ ವಾದ್ಯಗಾರರನ್ನೂ ಬರೆದು ಪ್ರಸಿದ್ಧನಾದವನು. ಸಂಗೀತ ನಾಟಕದ ಮೇಲಿನ ಪ್ರೀತಿಯಿಂದ ಚಿತ್ರ ಹುಟ್ಟುತ್ತದೆ ಎಂಬುದಕ್ಕೆ ಆತನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ದೆಗಾ ನೋಡಿ ಬರೆದವನು. ಹೆಬ್ಬಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಲಯವೆಂಬುದು ಕಣ್ಣಿಗೆ ಮಾತ್ರ ಸಿಕ್ಕುವ ವಸ್ತುವಲ್ಲವೆಂದು ಪಂಡಿತ ಸುಂದರಪ್ರಸಾದರ ಬಳಿ ಕಥಕ್ ನೃತ್ಯವನ್ನೇ ಕಲಿತರು. ವೇದಿಕೆಯ ನರ್ತಕನಾಗುವ ಹಂಬಲವಿದ್ದು ಮಾಡಿದ ಕೆಲಸವಲ್ಲ ಅದು. ಒಂದು ಗೆರೆ ಎಲ್ಲಿ ವೇಗವಾಗಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಸಮಕ್ಕೆ ಬಂದು ನಿಲ್ಲಬೇಕು ಎಂಬುದನ್ನು ಕಾಲಿಗೆ ಗೆಜ್ಜೆ ಕಟ್ಟಿ ತಿಳಿದುಕೊಳ್ಳಲು ಹೊರಟ ಚಿತ್ರಕಾರರು ಎಷ್ಟು ಮಂದಿ ಸಿಕ್ಕಾರು!

ಆ ಶ್ರಮದ ಫಲವನ್ನು 1964ರಲ್ಲಿ ಪ್ರಕಟವಾದ ಅವರ ರೇಖಾಚಿತ್ರಗಳ ಪುಸ್ತಕದಲ್ಲಿ ಕಾಣಬಹುದು. ಅದರ ಹೆಸರೇ ಹಾಡುವ ರೇಖೆ ಎಂಬರ್ಥದ ಸಿಂಗಿಂಗ್ ಲೈನ್. ಕುಣಿಯುವವರು, ವಾದ್ಯ ನುಡಿಸುವವರು, ದುಡಿಯುವವರು ಕೆಲವೇ ಗೆರೆಗಳಲ್ಲಿ ಎದ್ದು ನಿಲ್ಲುತ್ತಾರೆ. ಗೆರೆ ಭುಜದಿಂದ ಇಳಿದು ಸೊಂಟದಲ್ಲಿ ಬಳುಕಿ ಹಿಮ್ಮಡಿಗೆ ಬರುವಷ್ಟರಲ್ಲಿ ನೋಡುವವನು ತನಗರಿವಿಲ್ಲದೆ ತಾಳ ಹಾಕುತ್ತಾನೆ. ಒಳಗೆ ತುಂಬಿದ ಬಣ್ಣವಿಲ್ಲ, ನೆರಳಿಲ್ಲ. ತಿದ್ದಿ ಮರೆಮಾಡಲು ಅಲ್ಲಿ ಜಾಗವೇ ಇಲ್ಲ. ಬಣ್ಣದ ದೊಡ್ಡ ಚಿತ್ರಗಳಿಗಾಗಿಯೇ ಹೆಬ್ಬಾರರನ್ನು ಹೊಗಳುವವರಿದ್ದಾರೆ. ನನಗೆ ಈ ಬರಿಯ ಗೆರೆಗಳೇ ಹೆಚ್ಚು. ಬಹುಶಃ ಬಣ್ಣ ಕೊಳ್ಳಲಾರದವನ ಪಕ್ಷಪಾತವಿರಬಹುದು!

ಭಾರತ ಸರ್ಕಾರ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತು ಅವರನ್ನು ಗೌರವಿಸಿತು. ಮುಂಬಯಿಯಲ್ಲೇ ನೆಲೆಸಿದ್ದ ಅವರು 1996ರ ಮಾರ್ಚ್ 26ರಂದು ತೀರಿಕೊಂಡರು. ಬೆಂಗಳೂರಿನವರಾದ ನಮಗೆ ಸಂತೋಷದ ಸಂಗತಿಯೆಂದರೆ, ದಂಡಿನ ಪ್ರದೇಶದ ಅಂಚಿನಲ್ಲಿ, ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿ ಅವರ ಚಿತ್ರಗಳೂ ಸೇರಿವೆ. ಕೃಷ್ಣರಾಜಪುರದಲ್ಲಿ ಮೆಟ್ರೋ ಹತ್ತಿದರೆ ಇಂದಿರಾನಗರ, ಹಲಸೂರು ದಾಟಿ ಕಬ್ಬನ್ ಪಾರ್ಕಿನಲ್ಲಿ ಇಳಿದು ನಡೆದುಹೋಗುವಷ್ಟೇ ದೂರ.

ಹೋದ ತಿಂಗಳು ಒಂದು ಸಂಜೆ, ತಂದೆಯವರು ಕೆಲಸದಿಂದ ಬಂದು ಕೈಯ ಸಿಮೆಂಟನ್ನು ತೊಳೆಯುತ್ತಿದ್ದಾಗ, ಕರ್ಣನ ಒಂದು ಪದ ಹೇಳಪ್ಪ ಎಂದು ಕೇಳಿದೆ. ಏತಕ್ಕೆ ಎಂದರು. ಚಿತ್ರ ಬರೆಯಬೇಕು ಎಂದೆ. ಪರೀಕ್ಷೆ ಹತ್ತಿರ ಬಂತಲ್ಲ ಎಂದು ಗೊಣಗುತ್ತಲೇ ಜಗಲಿಯ ಮೇಲೆ ಕುಳಿತು ಮೆಲ್ಲಗೆ ಎತ್ತಿಕೊಂಡರು. ಶ್ರುತಿಗೆ ಹಾರ್ಮೋನಿಯಂ ಇಲ್ಲ. ಮೊಣಕಾಲಿನ ಮೇಲೆಯೇ ತಾಳ. ಕಣ್ಣು ಕಾಗದದ ಮೇಲಿಟ್ಟು, ಕಿವಿ ಅವರ ಕಡೆಗಿಟ್ಟು, ಪದ ಮುಗಿಯುವುದರೊಳಗೆ ಬರೆದು ಮುಗಿಸಿದೆ. ಕಿರೀಟ ವಾಲಿತ್ತು. ಕೈ ಸರಿಯಾಗಿ ಬಂದಿರಲಿಲ್ಲ. ತಂದೆಯವರು ಕಾಗದವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ತಾವು ಬಿಲ್ಲು ಹಿಡಿಯುತ್ತಿದ್ದದ್ದು ಎಡಗೈಯಲ್ಲಿ, ಬಲಗೈಯಲ್ಲಿ ಅಲ್ಲ ಎಂದರು. ಆಮೇಲೆ ಇನ್ನೊಂದು ಪದ ಹೇಳಲೆ ಎಂದು ಅವರೇ ಕೇಳಿದರು.