ಪಥಗಳ ಜ್ಯಾಮಿತಿ: ಡಿ. ಡಿ. ಕೋಸಂಬಿ

ದಾಮೋದರ ಧರ್ಮಾನಂದ ಕೋಸಂಬಿಯವರನ್ನು ಕನ್ನಡದ ಸಾಹಿತ್ಯಾಭ್ಯಾಸಿಗಳು ಬಲ್ಲುದು ಪ್ರಾಚೀನ ಭಾರತದ ಇತಿಹಾಸಕಾರರೆಂದು, ಭರ್ತೃಹರಿಯ ಸುಭಾಷಿತಗಳ ಸಂಪಾದಕರೆಂದು. ಆದರೆ ಅವರ ವೃತ್ತಿ ಗಣಿತ. ಆಧುನಿಕ ಭೌತವಿಜ್ಞಾನವು ದೇಶಕಾಲಗಳನ್ನು ಕುರಿತು ಎತ್ತಿದ ಪ್ರಶ್ನೆಗೆ ಹತ್ತಿರವಾದ ಜ್ಯಾಮಿತಿಯೇ ಆ ಗಣಿತದ ತಿರುಳು.

1907ರ ಜುಲೈ 31ರಂದು ಗೋವೆಯಲ್ಲಿ ಜನಿಸಿದ ಕೋಸಂಬಿ, ಪಾಲಿ ವಿದ್ವಾಂಸರಾದ ತಂದೆ ಧರ್ಮಾನಂದರೊಡನೆ ಅಮೆರಿಕಕ್ಕೆ ತೆರಳಿದವರು. 1929ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪಡೆದು, ಕಾಶಿ ಮತ್ತು ಅಲಿಗಢಗಳಲ್ಲಿ ಬೋಧಿಸಿ, 1933ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿದರು.

ದೇಶವೂ ಕಾಲವೂ ಒಂದೇ ಚತುರಾಯಾಮ ವಿಸ್ತಾರದ ಮುಖಗಳೆಂದು ಮಿಂಕೋವ್ಸ್ಕಿ 1908ರಲ್ಲಿ ಪ್ರತಿಪಾದಿಸಿದ್ದರು. ದ್ರವ್ಯವು ಆ ವಿಸ್ತಾರವನ್ನು ಬಾಗಿಸುತ್ತದೆ, ಮುಕ್ತವಾಗಿ ಬೀಳುವ ವಸ್ತು ಅಲ್ಲಿ ಸಾಧ್ಯವಾದಷ್ಟು ನೇರವಾದ ಪಥವನ್ನು ಹಿಡಿಯುತ್ತದೆ ಎಂಬುದು ಐನ್‌ಸ್ಟೈನರ 1915ರ ಸಿದ್ಧಾಂತ. ಇಲ್ಲಿ ಮೊದಲು ಅಳತೆ, ಅನಂತರ ಪಥ. ಕೋಸಂಬಿಯವರು ಈ ಕ್ರಮವನ್ನೇ ತಿರುಗಿಸಿದರು. ಪಥಗಳನ್ನು ನಿರೂಪಿಸುವ ಅವಕಲ ಸಮೀಕರಣಗಳನ್ನಷ್ಟೇ ಕೊಟ್ಟರೆ, ಅಳತೆಗೋಲಿನ ನೆರವಿಲ್ಲದೆ ವಕ್ರತೆಯನ್ನು ಅರಿಯಬಹುದೇ? ಅರಿಯಬಹುದು. ನೆರೆಹೊರೆಯ ಎರಡು ಪಥಗಳು ಒಂದನ್ನೊಂದು ಸಮೀಪಿಸುವ ಅಥವಾ ಅಗಲುವ ರೀತಿಯಲ್ಲಿಯೇ ವಕ್ರತೆ ವ್ಯಕ್ತವಾಗುತ್ತದೆ. 1933ರಲ್ಲಿ ಜರ್ಮನಿಯ ಗಣಿತ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾದಾಗ, ಅದರ ಬೆನ್ನಿಗೇ ಫ್ರಾನ್ಸಿನ ಎಲೀ ಕಾರ್ತಾನರ ಟಿಪ್ಪಣಿಯೂ ಅಚ್ಚಾಯಿತು. ಮುಂದೆ 1939ರಲ್ಲಿ ಚೆರ್ನ್ ವಿಸ್ತರಿಸಿದ ಈ ಸಿದ್ಧಾಂತವು ಇಂದು ಮೂವರ ಹೆಸರನ್ನೂ ಹೊತ್ತಿದೆ.

1945ರಿಂದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು. ವಾಸ ಪುಣೆಯಲ್ಲಿ, ಪ್ರಯಾಣ ಡೆಕ್ಕನ್ ಕ್ವೀನ್ ರೈಲಿನಲ್ಲಿ. ರೀಮನ್ನರ ಊಹೆಯನ್ನು ಕುರಿತ ಅವರ ವಾದ ನಿಲ್ಲಲಿಲ್ಲ. 1962ರಲ್ಲಿ ಸಂಸ್ಥೆ ಅವರ ಸೇವೆಯನ್ನು ಮುಂದುವರಿಸಲಿಲ್ಲ. ಅದೇ ವರ್ಷ ಪ್ರಕಟವಾದ ಪುರಾಣ ಮತ್ತು ವಾಸ್ತವವನ್ನು ಕುರಿತ ಗ್ರಂಥದಲ್ಲಿ, ಪುಣೆಯ ಸುತ್ತಣ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಕಂಡುಕೊಂಡ ಸಂಗತಿಗಳಿವೆ: ಕಾರ್ಲೆ, ಜುನ್ನರದ ಬೌದ್ಧ ಗುಹೆಗಳು ಹಳೆಯ ವಣಿಕ್ಪಥಗಳ ಬದಿಯಲ್ಲಿವೆ, ಮಾತೃದೇವತೆಯರ ನೆಲೆಗಳು ಪ್ರಾಚೀನ ಹಾದಿಗಳು ಕೂಡುವೆಡೆಯಲ್ಲಿವೆ. ಇದಕ್ಕೂ ಮುನ್ನ ಪ್ರಾಚೀನ ನಾಣ್ಯಗಳನ್ನು ತೂಗಿ, ಅವು ಸವೆದ ಪ್ರಮಾಣದಿಂದ ಚಲಾವಣೆಯ ಕಾಲವನ್ನು ಗಣಿಸಿದ್ದರು.

ಜ್ಯಾಮಿತಿಯ ಪಥವೂ ಬೆಟ್ಟದ ಹಾದಿಯೂ ಒಂದೇ ಎನ್ನಲಾಗದು. ಆದರೂ ಸಿದ್ಧವಾದ ಮಾನದಂಡವನ್ನು ಮೊದಲೇ ಒಪ್ಪದೆ, ಚಲನೆಯ ಜಾಡಿನಿಂದಲೇ ನೆಲದ ಸ್ವರೂಪವನ್ನು ಅರಿಯುವ ಶಿಸ್ತು ಎರಡೆಡೆಯೂ ಒಂದೇ. 1966ರ ಜೂನ್ 29ರಂದು ಅವರು ಪುಣೆಯಲ್ಲಿ ನಿಧನರಾದರು. ಅವರ ಆಯ್ದ ಗಣಿತ ಬರಹಗಳ ಸಂಪುಟ ಹೊರಬಂದದ್ದು ಐವತ್ತು ವರ್ಷಗಳ ಬಳಿಕ, 2016ರಲ್ಲಿ. ಇತಿಹಾಸಕಾರ ಕೋಸಂಬಿಯನ್ನು ಓದುವವರು ಗಣಿತಜ್ಞ ಕೋಸಂಬಿಯನ್ನು ಬದಿಗಿರಿಸಿದರೆ, ಅವರ ವಿಧಾನದ ಬೇರೇ ಕಣ್ಣಿಗೆ ಬೀಳದು.