ವಿಜಯವಾಡದ ಗೋರಾ

ರಾಜ್ಯೋತ್ಸವದ ಸಂಚಿಕೆಯಲ್ಲಿ ತೆಲುಗು ನಾಡಿನ ನಾಸ್ತಿಕರೊಬ್ಬರ ಚರಿತ್ರೆ ಏಕೆಂದು ವಾಚಕರು ಕೇಳಬಹುದು. ಉದ್ಯೋಗದ ನಿಮಿತ್ತ ಕೃಷ್ಣೆಯ ದಡಕ್ಕೂ ವಿಶಾಖಪಟ್ಟಣದ ಕಡಲ ತೀರಕ್ಕೂ ಬಂದು ನೆಲೆಸಿದ ನಾವು, ಅನ್ನವಿತ್ತ ನೆಲದ ಹಿರಿಯರನ್ನು ಅರಿಯದಿರುವುದು ತರವಲ್ಲ. ಮೇಲಾಗಿ, ಜನಿವಾರವನ್ನು ತೊರೆದು ಮನೆಯಿಂದ ಹೊರನಡೆದವರ ಕಥೆ ಬಸವಣ್ಣನವರ ನಾಡಿನಿಂದ ಬಂದ ನಮಗೆ ಹೊಸದೇನೂ ಅಲ್ಲ.

ಗೋರಾ ಎಂದು ಹೆಸರಾದ ಗೋಪರಾಜು ರಾಮಚಂದ್ರರಾಯರು 1902ರ ನವೆಂಬರ್ 15ರಂದು, ಈಗ ಒಡಿಶಾಕ್ಕೆ ಸೇರಿದ ಛತ್ರಪುರದಲ್ಲಿ, ಆಚಾರವಂತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. 1922ರಲ್ಲಿ ಅವರ ಕೈಹಿಡಿದ ಸರಸ್ವತಿಯವರು ಆಗ ಹತ್ತು ವರ್ಷದ ಬಾಲೆ. ವಿಶಾಖಪಟ್ಟಣಕ್ಕೆ ಸಮೀಪದ ವಿಜಯನಗರಂ ಊರಿನವರು (ನಮ್ಮ ಹಂಪೆಯ ವಿಜಯನಗರವೆಂದು ಭ್ರಮಿಸಬಾರದು). ಮದರಾಸಿನಲ್ಲಿ ಸಸ್ಯಶಾಸ್ತ್ರ ಓದಿದ ಗೋರಾ, ಮಧುರೆಯ ಅಮೆರಿಕನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಕ್ರೈಸ್ತರಾದರೆ ಅಮೆರಿಕಕ್ಕೆ ಉಚ್ಚ ವ್ಯಾಸಂಗಕ್ಕೆ ಕಳುಹಿಸುವ ಮಾತು ಅಲ್ಲಿ ಬಂದಿತು. ಅವರು ಒಪ್ಪಲಿಲ್ಲ. ಅನಂತರ ಕೊಯಮತ್ತೂರು, ಕೊಲಂಬೊ.

1928ರಲ್ಲಿ ಅವರು ಜನಿವಾರವನ್ನು ತೆಗೆದಿಟ್ಟರು. ತಂದೆ ಮನೆ ಬಿಡಲು ಹೇಳಿದರು. ಜಾತಿಯವರು ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂಬುದು ಈಗಿನ ನಮ್ಮ ಮಕ್ಕಳಿಗೆ ಪುಸ್ತಕದ ಮಾತು. ಆಗ ಹಾಗಲ್ಲ: ಪಂಕ್ತಿಯಲ್ಲಿ ಎಲೆಯಿಲ್ಲ, ಶುಭಕಾರ್ಯಕ್ಕೆ ಕರೆಯಿಲ್ಲ, ಮಕ್ಕಳಿಗೆ ಸಂಬಂಧವಿಲ್ಲ, ಸತ್ತರೆ ಹೊರಲು ನಾಲ್ವರಿಲ್ಲ. ಆ ತಂದೆಯನ್ನು ಕಟುಕರೆನ್ನಲು ನಮಗೆ ಮನಸ್ಸು ಬಾರದು. ಬಹಿಷ್ಕೃತನಿಗೆ ಅನ್ನವಿಕ್ಕಿದ ಮನೆಗೂ ಅದೇ ಗತಿಯಾಗುವುದು ಆ ಕಾಲದ ವಾಡಿಕೆಯಾಗಿತ್ತು. ಹೆತ್ತವರ ಕೈಯಿಂದಲೇ ಮಗನನ್ನು ಹೊರದಬ್ಬಿಸುವ ಕಟ್ಟಳೆ ಅದು. ಇನ್ನೂ ಎಳೆಯ ಪ್ರಾಯದ ಸರಸ್ವತಿಯವರು ತವರಿಗೆ ಹೋಗದೆ ಪತಿಯೊಡನೆ ಹೊರಟರು. ಗರ್ಭಿಣಿಯರು ನೋಡಬಾರದೆಂಬ ಗ್ರಹಣವನ್ನು, ತಾವು ಗರ್ಭಿಣಿಯಾಗಿದ್ದಾಗಲೇ ಬಯಲಿಗೆ ಬಂದು ನೋಡಿದ ಧೀರೆ ಆಕೆ!

ಮನೆ ಹೋದಂತೆ ಕೆಲಸವೂ ಹೋಯಿತು. ನಾಸ್ತಿಕ ವಿಚಾರಗಳ ಕಾರಣದಿಂದ 1933ರಲ್ಲಿ ಕಾಕಿನಾಡದ ಕಾಲೇಜು ಅವರನ್ನು ವಜಾ ಮಾಡಿತು. ಮಚಲೀಪಟ್ಟಣದಲ್ಲಿ ಕೆಲವು ಕಾಲ ಕಲಿಸಿ, 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ತೆರೆದರು. 1947ರಲ್ಲಿ ಅದು ವಿಜಯವಾಡದ ಪಟಮಟಕ್ಕೆ ಬಂದಿತು. ಪಂಕ್ತಿಯಿಂದ ಎಬ್ಬಿಸಲ್ಪಟ್ಟವರು ಸಕಲ ಜಾತಿಯವರಿಗೂ ಸಹಭೋಜನದ ಎಲೆ ಹಾಕತೊಡಗಿದರು.

ಇನ್ನು ಮಕ್ಕಳ ಸಂಬಂಧ. ಹಿರಿಯ ಮಗಳು ಮನೋರಮೆಯನ್ನು ಹರಿಜನ ಯುವಕ ಅರ್ಜುನರಾಯರಿಗೆ ಕೊಡಲು ನಿಶ್ಚಯಿಸಿದರು. ಮದುವೆಯನ್ನು ಸೇವಾಗ್ರಾಮದಲ್ಲಿ ನಡೆಸಲು ಗಾಂಧೀಜಿ ಒಪ್ಪಿದ್ದರು. ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಸ್ಥಾನದಲ್ಲಿ ಸತ್ಯವೆಂಬ ಮಾತನ್ನು ಇಡಲೂ ಸಮ್ಮತಿಸಿದ್ದರು. ನಿತ್ಯವೂ ರಾಮನಾಮ ಹೇಳುವವರು ನಾಸ್ತಿಕನ ಮಗಳಿಗಾಗಿ ಹೀಗೆ ಒಪ್ಪಿದ್ದನ್ನು ನೆನೆದಾಗ ನಮಗೆ ಮಾತು ಹೊರಡದು. ಮದುವೆ 1948ರ ಮಾರ್ಚಿಯಲ್ಲಿ ಸೇವಾಗ್ರಾಮದಲ್ಲೇ ಆಯಿತು. ಅಷ್ಟರಲ್ಲಿ ಗಾಂಧೀಜಿ ಇರಲಿಲ್ಲ.

ಗೋರಾ ಮಾಡಿದ್ದೆಲ್ಲ ನಮಗೆ ಒಪ್ಪಿಗೆಯೆಂದಲ್ಲ. 1972ರ ಆಗಸ್ಟ್ 15ರಂದು ವಿಜಯವಾಡದಲ್ಲಿ ದನದ ಮಾಂಸ, ಹಂದಿಯ ಮಾಂಸಗಳ ಸಹಭೋಜನವನ್ನು ಏರ್ಪಡಿಸಿದರು. ಎರಡು ಮತದವರ ಮನಸ್ಸನ್ನೂ ಒಮ್ಮೆಗೇ ನೋಯಿಸುವ ಅಗತ್ಯವಿತ್ತೇ ಎಂದು ನಾವು ಕೇಳುತ್ತೇವೆ. ಅವರಿಗೆ ಅದು ನಿಷೇಧಗಳನ್ನು ದಾಟಿ ಜೊತೆಗೆ ಕೂರುವ ದಾರಿಯಾಗಿತ್ತು.

1975ರ ಜುಲೈ 26ರಂದು ಗೋರಾ ತೀರಿಕೊಂಡರು. ಸರಸ್ವತಿಯವರು 2006ರವರೆಗೆ ಬದುಕಿ ಕೇಂದ್ರವನ್ನು ನಡೆಸಿದರು. ಕರ್ನಾಟಕ ಸರ್ಕಾರವು ಆಕೆಗೆ ಬಸವ ಪುರಸ್ಕಾರವನ್ನಿತ್ತು ಗೌರವಿಸಿತು.